ಮಾಯಾ ಜನರನ್ನು ಮಾಯ ಮಾಡಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮಧ್ಯ ಅಮೆರಿಕದ ಮಾಯಾ ನಾಗರಿಕತೆ ಬಗ್ಗೆ ಬಂದ ಲೇಖನ ಓದಿದೆ. ಪಿರಮಿಡ್ಡು, ನರಬಲಿ, 2012ರ ಪ್ರಳಯ, ಕೊನೆಗೆ 'ನಿಗೂಢವಾಗಿ ಕಣ್ಮರೆಯಾದ ಜನ'. ಚೆನ್ನಾಗಿ ಬೈದು ಬರೆಯೋಣ ಅಂತ ಕೂತೆ. ಆಮೇಲೆ ನೆನಪಾಯಿತು, ಎರಡು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ.

ನಾನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನಡೆಸುವವನು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಗೇಮ್ ಮಾಸ್ಟರ್ ಆದ ನಾನು ಸನ್ನಿವೇಶ ಹೇಳುತ್ತೇನೆ. ಏನು ಮಾಡುತ್ತೇವೆ ಅಂತ ಅವರು ಹೇಳುತ್ತಾರೆ. ಆಗುತ್ತೋ ಇಲ್ಲವೋ, ದಾಳ ಹೇಳುತ್ತದೆ. ನನ್ನ ಮೊದಲ 'ಮಾಯಾ' ಆಟದಲ್ಲಿ ಇದ್ದದ್ದು ಕಾಡು, ಪಾಳುಗುಡಿ, ರಾಶಿ ಚಿನ್ನ, ಚಾಕು ಹಿಡಿದ ಪೂಜಾರಿ. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಚಿನ್ನ ಹಂಚಿಕೊಂಡು ಎಲ್ಲರೂ ಆಕಳಿಸಿದರು.

ನಾಚಿಕೆಯಾಗಿ ಸ್ವಲ್ಪ ಓದಲು ಶುರು ಮಾಡಿದೆ. ಮೊದಲು ಆಟದಿಂದ ಹೊರಗೆ ಹೋದದ್ದೇ ಚಿನ್ನ. ಅಲ್ಲಿನ ಸಂತೆಯಲ್ಲಿ ಕೋಕೋ ಬೀಜವೇ ಹಣ. 1502ರಲ್ಲಿ ಹೊಂಡುರಾಸ್ ಬಳಿ ಕೊಲಂಬಸ್‌ಗೆ ಒಂದು ದೊಡ್ಡ ವ್ಯಾಪಾರಿ ದೋಣಿ ಸಿಕ್ಕಿತು. ಕೆಳಗೆ ಬಿದ್ದ ಬೀಜಗಳನ್ನು ಆ ದೋಣಿಯವರು, ಕಣ್ಣೇ ಕಳಚಿ ಬಿದ್ದಂತೆ, ಬಗ್ಗಿ ಬಗ್ಗಿ ಹೆಕ್ಕಿದರಂತೆ. ಹೀಗಂತ ಅವನ ಮಗ ಬರೆದಿಟ್ಟಿದ್ದಾನೆ. ಹೊರೆ ಎಳೆಯಲು ಎತ್ತು, ಕುದುರೆ, ಗಾಡಿ ಯಾವುದೂ ಇರಲಿಲ್ಲ. ಹಣೆಗೆ ಪಟ್ಟಿ ಕಟ್ಟಿಕೊಂಡು ಬೆನ್ನ ಮೇಲೆ ಹೊರಬೇಕು. ನಿಧಿ ಸಿಕ್ಕ ಕೂಡಲೇ ನಮ್ಮ ಮೇಜಿನಲ್ಲಿ 'ಹೊರೋದು ಯಾರು' ಅಂತ ಜಗಳ ಶುರುವಾಯಿತು. ಆಕಳಿಕೆ ನಿಂತಿತು. ವ್ಯಾಪಾರಿ ಪಾತ್ರದ ಗೆಳೆಯನೊಬ್ಬ ಬೀಜದ ಸಿಪ್ಪೆಯೊಳಗೆ ಮಣ್ಣು ತುಂಬಿ ದಾಟಿಸಲು ಹೊರಟ. ಇವನದೇ ಕಿತಾಪತಿ ಅಂದುಕೊಂಡೆ. ನೋಡಿದರೆ ನೆರೆಯ ಮೆಕ್ಸಿಕೋದ ಅಜ್ಟೆಕ್ ಜನರ ಸಂತೆಗಳಲ್ಲಿ ಇಂಥ ಖೋಟಾ ಬೀಜ ನಿಜಕ್ಕೂ ಓಡಾಡುತ್ತಿತ್ತು!

ಪೊಪೊಲ್ ವುಹ್ ಓದಿದ ಮೇಲಂತೂ ನಾನೇ ಹೆಣೆದ ಕಥೆಗಳೆಲ್ಲ ಸಪ್ಪೆ ಅನ್ನಿಸಿದವು. ಅದು ಗ್ವಾಟೆಮಾಲಾದ ಕಿಚೆ ಮಾಯಾ ಜನರ ಪುರಾಣ. ಹುನಹ್ಪು, ಶ್ಬಲಾಂಕೆ ಎಂಬ ಅವಳಿ ಹುಡುಗರನ್ನು ಶಿಬಾಲ್ಬಾ ಎಂಬ ಪಾತಾಳದ ದೊರೆಗಳು ಚೆಂಡಾಟಕ್ಕೆ ಕರೆಯುತ್ತಾರೆ. ಆಟ ಒಂದು ನೆಪ ಅಷ್ಟೇ. ರಾತ್ರಿಗೊಂದು ಮನೆಯಲ್ಲಿ ಕೂಡಿಹಾಕುತ್ತಾರೆ: ಕತ್ತಲ ಮನೆ, ಅಲಗಿನ ಮನೆ, ಚಳಿಯ ಮನೆ, ಜಾಗ್ವಾರ್ ಮನೆ, ಬೆಂಕಿ ಮನೆ, ಬಾವಲಿ ಮನೆ. ಹುಡುಗರು ಹೆಚ್ಚಾಗಿ ತಲೆ ಓಡಿಸಿಯೇ ದಾಟುತ್ತಾರೆ. ಜಾಗ್ವಾರ್‌ಗಳಿಗೆ ಮೂಳೆ ಎಸೆಯುತ್ತಾರೆ, ಅಲಗುಗಳ ಜೊತೆ ಮಾತಾಡಿ ಒಪ್ಪಂದ ಮಾಡಿಕೊಳ್ಳುತ್ತಾರೆ.

ಕತ್ತಲ ಮನೆಯ ಒಗಟನ್ನು ಹಾಗೇ ನನ್ನ ಆಟಗಾರರ ಮುಂದಿಟ್ಟೆ. ಒಂದು ಪಂಜು, ಒಬ್ಬೊಬ್ಬರಿಗೆ ಒಂದು ಚುಟ್ಟಾ. ರಾತ್ರಿಯಿಡೀ ಉರಿಯಬೇಕು, ಬೆಳಿಗ್ಗೆ ಸವೆಯದೆ ಇದ್ದ ಹಾಗೇ ವಾಪಸ್ ಕೊಡಬೇಕು. ಮುಕ್ಕಾಲು ಗಂಟೆ ವಾದ ನಡೆಯಿತು. ಯಾರೂ ದಾಳ ಮುಟ್ಟಲಿಲ್ಲ. ಅಷ್ಟು ಹೊತ್ತು ಸುಮ್ನೆ ಕೂತಿದ್ದ ಗೆಳತಿಯೊಬ್ಬಳು ಕೇಳಿದಳು: "ಉರೀತಿದೆ ಅಂತ ಅವರಿಗೆ ಕಂಡರೆ ಸಾಕಲ್ವಾ?" ನನಗೆ ಮೈ ಜುಮ್ಮೆಂದಿತು. ಪುರಾಣದ ಹುಡುಗರು ಮಾಡಿದ್ದೂ ಅದನ್ನೇ. ಪಂಜಿಗೆ ಗಿಳಿಯ ಕೆಂಪು ಪುಕ್ಕ, ಚುಟ್ಟಾದ ತುದಿಗೆ ಮಿಂಚುಹುಳ. ಅವಳು ಆ ಕಥೆ ಓದಿರಲಿಲ್ಲ.

ರಾಜಕೀಯ ಬೇಕಾದವರಿಗೆ 738ನೇ ಇಸವಿ ಇದೆ. ಮಾಯಾ ನಾಡಿಗೆಲ್ಲ ಒಬ್ಬನೇ ಚಕ್ರವರ್ತಿ ಇರಲಿಲ್ಲ, ಊರಿಗೊಬ್ಬ ಅರಸ. ಕೊಪಾನ್ ದೊಡ್ಡದು, ಕಿರಿಗ್ವಾ ಅದರ ಕೈಕೆಳಗಿನ ಪುಟ್ಟ ಊರು. ಆದರೆ ಜೇಡ್ ಕಲ್ಲು ಸಾಗುವ ಮೊಟಾಗ್ವಾ ನದಿಯ ದಾರಿ ಕಿರಿಗ್ವಾ ಪಕ್ಕದಲ್ಲೇ. ತನ್ನನ್ನು ಪಟ್ಟಕ್ಕೆ ಕೂರಿಸಿದ ಕೊಪಾನ್ ಅರಸನನ್ನೇ ಕಿರಿಗ್ವಾದ ಅರಸ ಸೆರೆಹಿಡಿದು ತಲೆ ತೆಗೆಸಿದ. ಹಿಂದೆ ನಿಂತು ಕುಮ್ಮಕ್ಕು ಕೊಟ್ಟದ್ದು ಕಲಕ್‌ಮುಲ್ ಎಂಬ ದೂರದ ಇನ್ನೊಂದು ಮಾಯಾ ಊರು ಅನ್ನುವ ಅನುಮಾನವೂ ಇದೆ. ನಮ್ಮ ತಂಡ ಆ ವರ್ಷ ಕೊಪಾನ್‌ನಿಂದ ಕಾಣಿಕೆ ಹೊತ್ತು ಕಿರಿಗ್ವಾಕ್ಕೆ ಬಂತು. ಯಾರ ಪರ ನಿಲ್ಲಬೇಕು ಅನ್ನುವುದು ನಾಲ್ಕು ವಾರವಾದರೂ ಬಗೆಹರಿಯಲಿಲ್ಲ.

ದಾಳವನ್ನೂ ಬದಲಾಯಿಸಿದೆ. ಕೆಕ್ಚಿ ಮಾಯಾ ಜನರಲ್ಲಿ ಬುಲ್ ಎಂಬ ಆಟವಿದೆ. ಒಂದು ಮಗ್ಗುಲು ಸುಟ್ಟು ಕಪ್ಪಾಗಿಸಿದ ನಾಲ್ಕು ಮೆಕ್ಕೆಜೋಳದ ಕಾಳು ಎಸೆಯುತ್ತಾರೆ. ಎಷ್ಟು ಕಪ್ಪು ಮೇಲೆ ಬಿತ್ತೋ ಅಷ್ಟು, ಒಂದೂ ಬೀಳದಿದ್ದರೆ ಐದು. ನಾನು ಒಲೆಯ ಉರಿಗೆ ಹಿಡಿದೆ. ಎರಡು ಕಾಳು ಸಿಡಿದು ಅರಳಾದವು. ಕೊನೆಗೆ ಮಾರ್ಕರ್ ಪೆನ್ನೇ ಗತಿಯಾಯಿತು.

ಈಗ ನಿಮ್ಮ ಲೇಖನಕ್ಕೆ ಬರುತ್ತೇನೆ. 2012ಕ್ಕೆ ಜಗತ್ತು ಮುಗಿಯುತ್ತದೆ ಅಂತ ಮಾಯಾ ಜನ ನಂಬಿದ್ದರೆ, ಪಲೆಂಕೆ ಎಂಬ ಮಾಯಾ ಊರಿನ ಶಾಸನದಲ್ಲಿ ನಮ್ಮ ಲೆಕ್ಕದ 4772ನೇ ಇಸವಿಯ ದಿನವನ್ನು ಯಾಕೆ ಕೆತ್ತುತ್ತಿದ್ದರು? ಒಂಬತ್ತನೇ ಶತಮಾನದಲ್ಲಿ ದಕ್ಷಿಣದ ದೊಡ್ಡ ಊರುಗಳು ಬರಿದಾಗಿದ್ದು ನಿಜ. ಜನ ಬರಿದಾಗಲಿಲ್ಲ. ಇಟ್ಜಾ ಮಾಯಾ ಅರಸರ ಕೊನೆಯ ರಾಜಧಾನಿ ನೊಹ್‌ಪೆತೆನ್ ಸ್ಪೇನಿನವರ ಕೈಗೆ ಬಿದ್ದದ್ದೇ 1697ರಲ್ಲಿ. ಇವತ್ತಿಗೂ ಸುಮಾರು 30 ಮಾಯಾ ಭಾಷೆಗಳಿವೆ. ಗ್ವಾಟೆಮಾಲಾದ ಬೆಟ್ಟದೂರುಗಳಲ್ಲಿ 260 ದಿನಗಳ ಪಂಚಾಂಗವನ್ನು ಎಣಿಸುವವರು ಈಗಲೂ ಇದ್ದಾರೆ. ದಯವಿಟ್ಟು ಒಂದು ತಿದ್ದುಪಡಿ ಹಾಕಿ.

ಅಂದ ಹಾಗೆ, ಅವರಲ್ಲಿ 365 ದಿನಗಳ ಇನ್ನೊಂದು ಪಂಚಾಂಗವೂ ಇತ್ತು. ಅದರ ಕೊನೆಯ ಐದು ದಿನ 'ವಯೆಬ್', ಅಪಶಕುನದ ದಿನಗಳು. ನಮ್ಮ ಆಟ ಈಗ ಅಲ್ಲಿಗೆ ಬಂದು ನಿಂತಿದೆ. ಹೋದ ಶನಿವಾರ ಮೂರು ಗಂಟೆ ಕಾದೆ. ಒಬ್ಬರೂ ಮನೆಯಿಂದ ಹೊರಗೆ ಕಾಲಿಡಲು ಒಪ್ಪಲಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ