ದೀಪಾವಳಿಗೆ ಮುನ್ನ ಪೋಷಕರಿಗೊಂದು ಸೂಚನೆ

ಗುಂಪಿನ ಎಲ್ಲ ಪೋಷಕರಿಗೆ ನಮಸ್ಕಾರ. ಯಾವ ಕ್ಷಣದಲ್ಲಿ ಸಿಡಿಯುವುದೋ ತಿಳಿಯದ ಕಾರಣಕ್ಕೂ ಪಟಾಕಿಯ ಸದ್ದು ಆಟಿಸಂ ಇರುವ ಅನೇಕ ಮಕ್ಕಳಿಗೆ ಸಹಿಸಲಾಗದ ಹಿಂಸೆಯಾಗುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ರಾತ್ರಿ 8ರಿಂದ 10ರ ಅವಧಿಯನ್ನು ನಿಗದಿಪಡಿಸಿದ್ದರೂ ಸಂಜೆಯೇ ಸದ್ದು ಶುರುವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಹಬ್ಬದ ದಿನ ಏನೇನು ನಡೆಯಲಿದೆ ಎಂಬುದನ್ನು ಚಿತ್ರಗಳ ಮೂಲಕ ಮೊದಲೇ ತೋರಿಸಿ, ಬೀದಿಯಿಂದ ದೂರವಿರುವ ಕೋಣೆಯೊಂದರಲ್ಲಿ ಮಂದ ಬೆಳಕು, ಫ್ಯಾನಿನ ಒಂದೇ ಸಮನಾದ ಸದ್ದು, ಮಗುವಿಗೆ ಹೊದೆಯಲು ಇಷ್ಟವಾಗುವ ದಪ್ಪ ರಗ್ಗು ಇರುವಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ. ಇಯರ್‌ಮಫ್ (ಸದ್ದು ತಡೆಯಲು ಕಿವಿ ಮುಚ್ಚುವ ಸಾಧನ) ಅನ್ನು ಈಗಿನಿಂದಲೇ ದಿನವೂ ಸ್ವಲ್ಪ ಹೊತ್ತು ಹಾಕಿಸಿ ರೂಢಿ ಮಾಡಿಸಿ. ಅಂದೇ ಮೊದಲ ಬಾರಿ ತೊಡಿಸಿದರೆ ಅದೂ ಒಂದು ಕಿರಿಕಿರಿಯಾದೀತು. ಕೈಗಳನ್ನು ಬಡಬಡನೆ ಆಡಿಸುವುದು, ಹಿಂದೆ ಮುಂದೆ ತೂಗಾಡುವುದು ಮಗು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಬಗೆಯಾದ್ದರಿಂದ, ಮನೆಗೆ ಬಂದ ನೆಂಟರು ನೋಡುತ್ತಾರೆಂಬ ಸಂಕೋಚದಿಂದ ದಯವಿಟ್ಟು ಅದನ್ನು ತಡೆಯಬೇಡಿ.