ಮಗಳಿಗೊಂದು ಪತ್ರ: ಈ ಸಲ ರೈನ್‌ಟಾಲ್ ದಾರಿ ಹಿಡಿ

ಪುಟ್ಟಿ,

ಆಗಸ್ಟ್‌ನಲ್ಲಿ ತ್ಸುಗ್‌ಶ್ಪಿಟ್ಸ ಹತ್ತುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದಾಗ ನಾನು ಸುಮ್ಮನಾದೆ. ಸಿಟ್ಟಿಗಲ್ಲ, ಒಲೆ ಮೇಲೆ ಹಾಲು ಉಕ್ಕುತ್ತಿತ್ತು. ರಾತ್ರಿ ಕೂತು ಮ್ಯಾಪ್ ನೋಡಿದೆ.

ಹೋದ ವರ್ಷ ಮ್ಯೂನಿಕ್‌ಗೆ ಬಂದಾಗ ನಾವು ಕೇಬಲ್ ಕಾರಿನಲ್ಲಿ ಹತ್ತೇ ನಿಮಿಷಕ್ಕೆ ಮೇಲಿದ್ದೆವು. 2,962 ಮೀಟರ್, ಜರ್ಮನಿಯಲ್ಲೇ ಎತ್ತರದ ಬೆಟ್ಟ. ಅಪ್ಪ ಜರ್ಮನಿಯಲ್ಲೊಂದು ಕಾಲು, ಆಸ್ಟ್ರಿಯದಲ್ಲೊಂದು ಕಾಲು ಇಟ್ಟು ಫೋಟೊ ತೆಗೆಸಿಕೊಂಡರು. ನನ್ನ ಕೈಯಲ್ಲಿದ್ದ ಕೊಡುಬಳೆಯನ್ನು ಹಳದಿ ಕೊಕ್ಕಿನ ಕಾಗೆ ಎಗರಿಸಿಕೊಂಡು ಹೋಯಿತು. ನಮ್ಮೂರ ಕಾಗೆ ಶ್ರಾದ್ಧದ ದಿನ ಕೂಗಿ ಕರೆದರೂ ಬರಲ್ಲ, ನೋಡು!

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಪಕ್ಕದ ಬೆಂಚಿನಲ್ಲಿ ನಡೆದು ಬಂದ ಹೆಂಗಸೊಬ್ಬಳು ಕೂತಿದ್ದಳು, ಹೆಚ್ಚುಕಡಿಮೆ ನನ್ನ ವಯಸ್ಸು. ಬೂಟು ಬಿಚ್ಚಿ, ಒದ್ದೆ ಕಾಲ್ಚೀಲ ಹಿಂಡಿ, ಬೆರಳು ಒಂದೊಂದಾಗಿ ನೀವಿಕೊಂಡಳು. ಆಮೇಲೆ ಸೂಪ್ ಕುಡಿದಳು. ಆ ಮುಖ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೇ ಹೋಗಬೇಡ ಅನ್ನಲ್ಲ.

ಆದರೆ ನಿನ್ನ ಫ್ರೆಂಡ್ಸ್ ಹೇಳುವ ಹ್ಯೋಲೆನ್‌ಟಾಲ್ ದಾರಿ ಈ ಸಲ ಬೇಡ. ಹೆಸರಿನ ಅರ್ಥವೇ ನರಕದ ಕಣಿವೆಯಂತೆ. ನಾನು ಹೆಸರಿಗೆ ಹೆದರುವವಳಲ್ಲ. ಅಲ್ಲಿ ಬಂಡೆಗೆ ಹೊಡೆದ ಕಬ್ಬಿಣದ ಸರಳುಗಳನ್ನು ಮೆಟ್ಟಿ ಹೋಗಬೇಕು. ನಡುವೆ ಹಿಮನದಿ, ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಳ್ಳಬೇಕು. ಬೇಸಿಗೆ ಮುಗಿಯುತ್ತಾ ಬಂದ ಹಾಗೆ ಹಿಮಕ್ಕೂ ಬಂಡೆಗೂ ನಡುವಿನ ಬಿರುಕು ಬಾಯಿ ಬಿಡುತ್ತದೆ. ನೀನು ಹೊರಟಿರುವುದು ಸರಿಯಾಗಿ ಆಗಲೇ.

ರೈನ್‌ಟಾಲ್ ಕಣಿವೆಯಲ್ಲಿ ಹೋಗು. 1820ರಲ್ಲಿ ನಕ್ಷೆ ಮಾಡಲು ಬಂದ ಸೇನೆಯ ಅಧಿಕಾರಿ ಯೋಸೆಫ್ ನೌಸ್ ತುದಿ ಮುಟ್ಟಿದ್ದೂ ಆ ಕಡೆಯಿಂದಲೇ. ದಾರಿ ಉದ್ದ, ಬೆಟ್ಟದ ಬುಡದ ಊರು ಗಾರ್ಮಿಶ್‌ನಿಂದ ಸುಮಾರು 21 ಕಿಲೋಮೀಟರ್. ಏರು 2,200 ಮೀಟರ್. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ, ಅದರ ಮೇಲೆ ಎರಡು ಚಾಮುಂಡಿ ಬೆಟ್ಟ ಹತ್ತಿದಷ್ಟು! ಒಂದೇ ದಿನದಲ್ಲಿ ಮುಗಿಸುವ ಹಟ ಯಾಕೆ? ರೈನ್‌ಟಾಲಂಗರ್ ಹಟ್‌ನಲ್ಲಿ ಮೊದಲೇ ಜಾಗ ಹಿಡಿದು ರಾತ್ರಿ ಮಲಗು. ಮರುದಿನ ಕ್ನೋರ್ ಹಟ್ ದಾಟಿದ ಮೇಲೆ ಬರೀ ಜಲ್ಲಿಕಲ್ಲು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದಂತೆ. ಕೊನೆಗೆ ಬಂಡೆಗೆ ಕಟ್ಟಿದ ತಂತಿ ಹಿಡಿದು ಹತ್ತುವುದು. ಮಧ್ಯಾಹ್ನದ ಮೇಲೆ ಅಲ್ಲಿ ಗುಡುಗು ಜಾಸ್ತಿ. ಸಿಡಿಲಿನ ಹೊತ್ತಲ್ಲಿ ಕೈಯಲ್ಲಿ ತಂತಿ ಇರಬಾರದು, ಅಲ್ವಾ?

ಸ್ವೆಟರ್ ಬಿಟ್ಟು ಹೋಗಬೇಡ. 2008ರ ಜುಲೈನಲ್ಲಿ ಈ ಬೆಟ್ಟಕ್ಕೆ ಓಟದ ಸ್ಪರ್ಧೆ ಇತ್ತು. ತುದಿ ಹತ್ತಿರ ಹಿಮ ಸುರಿಯಿತು. ಇಬ್ಬರು ಓಟಗಾರರು ಚಳಿಗೆ ಸತ್ತರು. ಜುಲೈನಲ್ಲಿ!

ಮೋಡ ಕಟ್ಟಿದರೆ 2,600 ಮೀಟರಿನಲ್ಲಿ ರೈಲು ಸಿಗುತ್ತದೆ, ಹತ್ತಿ ಕೂತುಬಿಡು. ತುದಿ ಮುಟ್ಟಿದರೂ ಇಳಿಯುವಾಗ ರೈಲೇ. ನಿನ್ನ ಮಂಡಿ ಅಪ್ಪನ ಕಡೆಯದು.

ಕೊಡುಬಳೆ ಪಾರ್ಸೆಲ್ ಮಾಡಿದ್ದೇನೆ. ಕಾಗೆ ಕಂಡರೆ ಬ್ಯಾಗಿನ ಜಿಪ್ ಹಾಕು.

ಅಮ್ಮ