‘ಹಕಿ’

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಕಾಸರಗೋಡಿನ ಕಾಲೇಜೊಂದರಲ್ಲಿ ನ್ಯೂರೋಡೈವರ್ಸಿಟಿ, ಅಂದರೆ ಮಿದುಳಿನ ವೈವಿಧ್ಯದ ಬಗ್ಗೆ ಮಾತುಕತೆ ಇತ್ತು, ಹೋಗಿದ್ದೆ. ಎಲ್ಲರ ಮಿದುಳೂ ಒಂದೇ ಥರ ಕೆಲಸ ಮಾಡುವುದಿಲ್ಲ. ಆಟಿಸಂ, ಓದು-ಬರಹ ತೊಡಕಾಗುವ ಡಿಸ್ಲೆಕ್ಸಿಯಾ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಇವನ್ನೆಲ್ಲ ಸುಮ್ನೆ ರೋಗ ಅಂತ ನೋಡಬೇಡಿ ಅನ್ನುವುದು ಅಲ್ಲಿನ ಮಾತು.

ಮೊದಲು ಮಾತಾಡಿದ್ದು ಆಟಿಸಂ ಇರುವ ಒಬ್ಬ ವಿದ್ಯಾರ್ಥಿ. ಮೈಕ್ ಹಿಡಿಯುವ ಮುಂಚೆ, ಆ ಮೂಲೆಯ ಟ್ಯೂಬ್‌ಲೈಟ್ ಆರಿಸಿ ಅಂದ. ಅದು ಮಿಣುಕುತ್ತಿದ್ದದ್ದು ನಾವ್ಯಾರೂ ಗಮನಿಸಿರಲಿಲ್ಲ. ಅವನಿಗೆ ಅದರ ಗುಂಯ್ ಸದ್ದೂ ಕೇಳುತ್ತಿತ್ತಂತೆ. ಆರಿಸಿದ ಮೇಲೆ ಅರ್ಧ ಗಂಟೆ ನಿರಾಳವಾಗಿ ಮಾತಾಡಿದ. ಒಂದು ಸ್ವಿಚ್ಚಿನ ಕೆಲಸ, ನೋಡು.

ಆಮೇಲೆ ಎಣ್ಮಕಜೆ ಕಡೆಯ ಒಬ್ಬರು ಅಮ್ಮ ಎದ್ದು ನಿಂತರು. ಅಲ್ಲಿನ ಗೇರು ತೋಟಗಳ ಮೇಲೆ 20ಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ನಿನಗೆ ಗೊತ್ತೇ ಇದೆ. ಅದು ನಿಂತಾಗ 2000 ಇಸವಿ ಬಂದಿತ್ತು.

“ನನ್ನ ಮಗಳಿಗೆ ಮೂವತ್ತಾಯಿತು. ಈಗಲೂ ನಾನೇ ಅನ್ನ ಕಲಸಿ ಬಾಯಿಗಿಡಬೇಕು. ಮೇಲಿನಿಂದ ಮದ್ದು ಬಿಟ್ಟು ಆದದ್ದು ಇದು. ಇದನ್ನೂ ವೈವಿಧ್ಯ ಅಂತೀರಾ?”

ಯಾರೂ ತುಟಿ ಬಿಚ್ಚಲಿಲ್ಲ. ತಲಾ 5 ಲಕ್ಷ ಪರಿಹಾರ ಕೊಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ನಿಜ. ಆದರೆ ತಾನು ಹೋದ ಮೇಲೆ ಮಗಳನ್ನು ನೋಡುವವರು ಯಾರು ಅನ್ನುವ ಭಯಕ್ಕೆ ಯಾವ ಕೋರ್ಟು ಉತ್ತರ ಕೊಟ್ಟೀತು? ಕೊನೆಗೆ ಆ ಹುಡುಗನೇ ಕೇಳಿದ, “ಅಕ್ಕನಿಗೆ ಏನಿಷ್ಟ?” ಅವರು ತಡೆದು, “ಮಳೆ. ಹಂಚಿನ ಮೇಲೆ ಬೀಳುವ ಸದ್ದು ಕೇಳಿದರೆ ನಗುತ್ತಾಳೆ” ಅಂದರು. ಹೇಳುವಾಗ ಅವರ ಮುಖದಲ್ಲೂ ನಗು ಬಂತು. ಆ ವಿಷಕ್ಕೆ ಲೆಕ್ಕ ಕೇಳಲೇಬೇಕು. ಹಾಗಂತ ಆ ಮಗಳನ್ನು ಬರೀ ವಿಷದ ಗುರುತು ಮಾಡಿಬಿಡುವುದೂ ತಪ್ಪು ಅಂತ ನನಗನಿಸಿತು.

ಒಬ್ಬಳು ಹುಡುಗಿ ನಮ್ಮ ಊರಿನದೇ ಪ್ರಶ್ನೆ ಎತ್ತಿದಳು. ಕನ್ನಡದಲ್ಲಿ ಓದುವ ಮಗುವಿನ ತೊಡಕನ್ನು ಮಲಯಾಳದ ಪರೀಕ್ಷೆ ಹಾಳೆ ಇಟ್ಟು ಅಳೆದರೆ ಏನು ಗೊತ್ತಾದೀತು? ನನಗೆ ಆಗಲೇ ನನ್ನ ತಮ್ಮನ ನೆನಪಾದದ್ದು.

ಅವನು ಜಗಲಿಯಲ್ಲಿ ಕೂತು ಪಾಠ ಓದುತ್ತಿದ್ದದ್ದು ನೆನಪಿದೆಯಲ್ವಾ? ಒತ್ತಕ್ಷರ ಕಂಡರೆ ನಾಲಿಗೆ ಏಳುತ್ತಿರಲಿಲ್ಲ. ‘ಹಕ್ಕಿ’ಯನ್ನು ‘ಹಕಿ’ ಅಂತ ಓದಿದ ಅಂತ ನಾವಿಬ್ಬರೂ ಅವನಿಗೆ ಅದೇ ಹೆಸರಿಟ್ಟೆವು. ಶಾಲೆಯಲ್ಲಿ ದಡ್ಡ ಅಂದರು, ಬೆತ್ತ ಮುರಿದರು. ಎಂಟನೇ ಕ್ಲಾಸಿಗೆ ಬಿಟ್ಟ. ಅಂಗವಿಕಲರಿಗಾಗಿ ಆಗಿದ್ದ 1995ರ ಕಾನೂನಿನಲ್ಲಿ ಕಲಿಕೆಯ ತೊಡಕಿಗೆ ಜಾಗವೇ ಇರಲಿಲ್ಲ. 2016ರ ಕಾನೂನು ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಅದೂ ಇದೆ, ಆಟಿಸಂ ಕೂಡ ಇದೆ. ಅವನಿಗೆ ತಡವಾಯಿತು. ಈಗ ಬದಿಯಡ್ಕದಲ್ಲಿ ಪಂಪಿನ ಮೋಟಾರಿಗೆ ವೈಂಡಿಂಗ್ ಮಾಡುತ್ತಾನೆ. ನೂರಾರು ಸುತ್ತು ತಂತಿ, ಬರೆದಿಡದೆ ಲೆಕ್ಕ ತಪ್ಪುವುದಿಲ್ಲ.

ಅಂದು ಸಂಜೆ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. “ಅದಕ್ಕೊಂದು ಹೆಸರಿದೆಯಾ?” ಅಂದ. ರಶೀದಿಯ ಹಿಂದೆ ಬರೆದುಕೊಟ್ಟೆ. ಗ್ರೀಸ್ ಮೆತ್ತಿದ ಬೆರಳಿಟ್ಟು ಓದಲು ಶುರುಮಾಡಿದ. ಡಿ... ಸ್ಲೆ ಹತ್ತಿರ ನಿಂತ. ನಾನು ಬಾಯಿ ಹಾಕಲಿಲ್ಲ, ಕಾದೆ.

ಈ ಸಲ ಊರಿಗೆ ಬಂದಾಗ ಅವನ ಅಂಗಡಿಗೆ ಹೋಗೋಣ. ನಾವಿಬ್ಬರೂ ಸೇರಿ ಇಟ್ಟ ಹೆಸರದು. ನೀನೂ ಬಾ.

ನಿನ್ನವನು